ಅರೆಹೊಟ್ಟೆಯ ಇಲಿ

ಇಂದು ಸಂಜೆ ಅಟ್ಟದ ಮೇಲೆ ಹಳೆಯ ಪುಸ್ತಕ ಹುಡುಕುತ್ತಿದ್ದಾಗ ಇಲಿಬೋನೊಂದು ಕೈಗೆ ತಗಲಿತು. ಮೂಸಿದೆ. ತುಕ್ಕಿನೊಳಗೆ ಇನ್ನೂ ಕುಸುಬಿ ಎಣ್ಣೆಯ ಕಮಟು. ನಾನು ಪೂರ್ತಿಯಾಗಿ ಸೋತ ಒಂದೇ ವಾದದ ವಾಸನೆ ಅದು; ಉಳಿದ ಸೋಲುಗಳನ್ನು ಗೆಲುವೆಂದು ವಾದಿಸಬಲ್ಲೆ.

ಆಗ ಧಾರವಾಡದ ಸಾಲೆಯಲ್ಲಿ ಚರ್ಚೆ ಮಾಡುವುದನ್ನು ಕಲಿತು ರಜೆಗೆ ಇಲಕಲ್ಲಿಗೆ ಬಂದಿದ್ದೆ. ಮನೆಯ ಯಜಮಾನ ನಮ್ಮ ಕಾಕಾ. ಮೈಕೈ ನೋವಿನಿಂದ ಹಿಡಿದು ಮಕ್ಕಳ ಮಂದಬುದ್ಧಿಯವರೆಗೆ ಎಲ್ಲಕ್ಕೂ ಕುಸುಬಿ ಎಣ್ಣೆಯೇ ಮದ್ದು ಎಂಬುದು ಅವರ ಸಿದ್ಧಾಂತ. ಗಂಡ ಸತ್ತ ನಮ್ಮ ಸೋದರತ್ತೆಗೆ ದಿನಕ್ಕೆ ಒಂದೇ ಊಟ ಸಾಕು, ಅದರಿಂದ ಮೈ ಹಗುರಾಗಿ ಆಯುಷ್ಯ ಬೆಳೆಯುತ್ತದೆ ಎಂಬುದು ಇನ್ನೊಂದು. ಇದನ್ನು ಅವರು ಅಮೀನಗಡದ ಕರದಂಟು ಕಡಿಯುತ್ತ ಹೇಳುತ್ತಿದ್ದರು. ತಮ್ಮ ಆಯುಷ್ಯದ ಮೇಲೆ ಅವರಿಗೆ ಅಷ್ಟು ಆಸೆಯಿರಲಿಲ್ಲ, ಪಾಪ.

ಬಾಯಿಮಾತು ಬೇಡ, ಪರೀಕ್ಷೆ ಮಾಡೋಣ ಎಂದೆ. ಮೂರು ಬೋನು, ಮೂರು ಇಲಿ. ಒಂದಕ್ಕೆ ಕುಸುಬಿ ಎಣ್ಣೆ ಸವರಿದ ರೊಟ್ಟಿ, ಇನ್ನೊಂದಕ್ಕೆ ಸೇಂಗಾ ಎಣ್ಣೆಯದು, ಮೂರನೆಯದಕ್ಕೆ ದಿನಕ್ಕೊಮ್ಮೆ ಒಣರೊಟ್ಟಿ, ಅದೂ ಅರ್ಧ ಪಾಲು. ಅದು ಸೊರಗಿದರೆ ಅತ್ತೆಗೆ ಸಂಜೆಯೂ ತಾಟು ಹಾಕಬೇಕು ಎಂಬುದು ಕರಾರು. ಕಾಕಾ ಒಪ್ಪಿದರು. ಪ್ಲೇಗಿನ ವರ್ಷಗಳವು, ನೀವು ಕೇಳಿರಬೇಕು: ಇಲಿ ಸತ್ತು ಬಿದ್ದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕುತ್ತಿತ್ತು. ಬದುಕಿರುವ ಇಲಿಗೆ ಅಷ್ಟು ಮರ್ಯಾದೆ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಸಿಗಲಿಲ್ಲ. ಬೋನುಗಳನ್ನು ಅತ್ತೆ ಕೂತು ಉಣ್ಣುವ ಹಿತ್ತಲ ಪಡಸಾಲೆಯಲ್ಲಿ ಇಟ್ಟೆ. ಅವಳನ್ನು ಏನೂ ಕೇಳಲಿಲ್ಲ. ಕಕ್ಷಿದಾರರನ್ನು ಕೇಳುವ ಪದ್ಧತಿ ನಮ್ಮ ಸಾಲೆಯ ಚರ್ಚೆಯಲ್ಲಿ ಇರಲಿಲ್ಲ.

ತಿಂಗಳಾಯಿತು. ಎಣ್ಣೆ ತಿಂದ ಎರಡೂ ಉಬ್ಬಿ, ಕಾಕಾನಂತೆಯೇ ಮಧ್ಯಾಹ್ನವೆಲ್ಲ ಮಲಗತೊಡಗಿದವು. ಅರೆಹೊಟ್ಟೆಯದು ಮಾತ್ರ ಮಿರಿಮಿರಿ ಮಿಂಚುತ್ತ ತಂತಿ ಹತ್ತಿ ಇಳಿಯುತ್ತಿತ್ತು.

“ನೋಡಲೇ ಪಂಡಿತ,” ಎಂದರು ಕಾಕಾ. “ಒಪ್ಪತ್ತಿನ ಇಲಿ ಹ್ಯಾಂಗ ಜಿಗೀತೈತಿ. ಇನ್ನ ನಿಮ್ಮತ್ತಿ ಊಟದ ಮಾತು ಎತ್ತಬ್ಯಾಡ.”

ಅಷ್ಟಕ್ಕೇ ಬಿಡಲಿಲ್ಲ. ಆ ಇಲಿಗೆ ಎಣ್ಣೆ ಇರಲಿಲ್ಲವೆಂದು ನೆನಪಿಸಿ ಅತ್ತೆಯ ಪಲ್ಯದ ಒಗ್ಗರಣೆಯನ್ನೂ ನಿಲ್ಲಿಸಿದರು. ನನ್ನ ಪರೀಕ್ಷೆಯಿಂದ ಅವಳಿಗಾದ ಲಾಭ ಇಷ್ಟು.

ಇಲಿಗಳನ್ನು ಹೊಲಕ್ಕೆ ಬಿಟ್ಟುಬರಲು ಬೋನು ಎತ್ತಿದಾಗ, ಮೂರನೆಯದರ ಹುಲ್ಲಿನಡಿ ಪಲ್ಯ ಮೆತ್ತಿದ ರೊಟ್ಟಿಯ ಚೂರುಗಳು ಕಂಡವು. ಅತ್ತೆಯತ್ತ ನೋಡಿದೆ.

“ಅದು ನನ್ನ ತಾಟು ನೋಡಕೋತ ಕುಂದರತಿತ್ತಪಾ. ಹಸದ ಜೀವದ ಮುಂದ ನನಗ ತುತ್ತು ಇಳೀಲಿಲ್ಲ,” ಎಂದಳು.

ಅವಳ ಸಲುವಾಗಿಯೇ ಹೂಡಿದ ಪರೀಕ್ಷೆ ಅದು ಎಂದೆ.

“ನನಗ ಯಾರು ಹೇಳಿದ್ರು?”

ಚೂರುಗಳನ್ನು ಒಯ್ದು ಕಾಕಾನ ಮುಂದೆ ಇಟ್ಟೆ. ಅವರು ತಡವರಿಸಲೂ ಇಲ್ಲ. “ಅಂದ್ರ ಆಕಿಗೆ ಒಂದ ಊಟಾನೂ ಹೆಚ್ಚಾಗೈತಿ ಅಂತಾತು.” ನನಗೆ ಚರ್ಚೆ ಕಲಿಸಿದ ಮಾಸ್ತರರು ಅಲ್ಲಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು.

ಅಂದಿನಿಂದ ವಾದ ಬಿಟ್ಟು ನಾನೂ ಒಪ್ಪತ್ತು ಹಿಡಿದೆ. ಸಂಜೆ ತಾಟು ಬಂದರೆ ಸರಿಸಿ ಅತ್ತೆಯ ಪಕ್ಕ ಕೂಡುತ್ತಿದ್ದೆ. ಅವಳ ಹಸಿವನ್ನು ವರ್ಷಗಟ್ಟಲೆ ಹೊಗಳಿದ್ದ ಮನೆ, ಗಂಡುಹುಡುಗ ಉಣ್ಣುತ್ತಿಲ್ಲವೆಂದು ಮೂರೇ ದಿನಕ್ಕೆ ವೈದ್ಯರನ್ನು ಕರೆಸಿತು. ಮೈ ಹಗುರಾಗುತ್ತಿದೆ, ಆಯುಷ್ಯ ಬೆಳೆಯುತ್ತಿದೆ ಎಂದು ಅವರಿಗೆ ವಿನಯದಿಂದ ತಿಳಿಸಿದೆ. ನಾಲ್ಕನೆಯ ಸಂಜೆ ಕಾಕಾ ಗೋಡೆಯ ಕಡೆ ಮುಖ ಮಾಡಿ, “ಇಬ್ಬರಿಗೂ ಬಡಸ್ರಿ,” ಎಂದರು.

ಇಂದು ಆ ಬೋನು ಹಿಡಿದು ಅಟ್ಟದಿಂದ ಇಳಿದೆ. ಕೆಳಗೆ, ಈಗ ಹಣ್ಣು ಮುದುಕಿಯಾದ ಅತ್ತೆ ಎರಡು ತಾಟು ಹಾಕಿ ಕೂತಿದ್ದಳು. ಬೋನನ್ನು ಸ್ಮಾರಕವೆಂದು ಮೇಜಿನ ಮೇಲೆ ಇಡುವ ಉಮೇದು ನನ್ನದು. ಆದರೂ ಈ ಸಲ ಅವಳನ್ನು ಕೇಳಿದೆ, “ಇದನ್ನ ಏನ ಮಾಡ್ಲಿ, ಅತ್ತಿ?”

“ಮೊದಲ ಕೈ ತೊಳಕೋ. ಊಟಾ ಆರತೈತಿ,” ಎಂದು ರೊಟ್ಟಿಯ ಒಂದು ತುಂಡು ಮುರಿದು, ಪಲ್ಯ ಹಚ್ಚಿ, ಗೋಡೆಯ ಬಿಲದ ಬಾಯಿಗೆ ಇಟ್ಟಳು.