ಚೀಲದಲ್ಲಿ ಇಲ್ಲದ ಸಣ್ಣ ಅಂಕಿಗಳು

ಎರಡು ಸಾವಿರದ ಆಸುಪಾಸಿನಲ್ಲಿ ನನ್ನ ಭಾನುವಾರಗಳೆಲ್ಲ ಫ್ರೇಜರ್ ಟೌನಿನ ಒಂದು ಮಹಡಿ ಮನೆಯಲ್ಲಿ ಕಳೆಯುತ್ತಿದ್ದವು. ಊಟ ಮುಗಿಸಿ ಜೀವನ್ ಬಿಮಾ ನಗರದಿಂದ ಆಟೋ ಹಿಡಿಯುತ್ತಿದ್ದೆ. ಹಲಸೂರು ಕೆರೆ ದಾಟುವಷ್ಟರಲ್ಲಿ ಆಟೋದವರು ಕನ್ನಡಿಯಲ್ಲಿ ನನ್ನ ಎಡಗಾಲಿಗೆ ಕಟ್ಟಿದ ಕಬ್ಬಿಣದ ಕ್ಯಾಲಿಪರ್ ನೋಡಿ, ಹುಟ್ಟಿದಾಗಿನಿಂದಲೂ ಹೀಗೇನಾ ಎಂದು ವಿಚಾರಿಸಿ, ಯಾರಾದರೊಬ್ಬ ನಾಟಿ ವೈದ್ಯರ ವಿಳಾಸ ಕೊಟ್ಟಿರುತ್ತಿದ್ದರು. ಮಗುವಾಗಿದ್ದಾಗ ಪೋಲಿಯೊ ಬಂದಿತ್ತು. ನಾನು ಡಿಗ್ರಿ ಓದುವ ಹೊತ್ತಿಗೆ ಬೆಂಗಳೂರಿನ ಪೂರ್ವಕ್ಕಿದ್ದ ನಾಟಿ ವೈದ್ಯರ ವಿಳಾಸವೆಲ್ಲ ನನಗೆ ಬಾಯಿಪಾಠವಾಗಿತ್ತು.

ಆ ಮನೆ ಕಾಲೇಜಿನ ಗೆಳತಿಯದು. ಅವಳ ತಂದೆಗೆ ಶಿವಾಜಿನಗರದಲ್ಲಿ ತಗಡಿನ ಟ್ರಂಕುಗಳ ಅಂಗಡಿಯಿತ್ತು. ಅವಳ ಅಣ್ಣನನ್ನು ನಾವೆಲ್ಲ ಭಾಯ್ ಎನ್ನುತ್ತಿದ್ದೆವು. ಅವನು ಯಾವುದೋ ಹಳೆ ಪುಸ್ತಕದಂಗಡಿಯಿಂದ, ಮೊದಲ ಪುಟಗಳು ಕಿತ್ತುಹೋಗಿದ್ದ ಒಂದು ಇಂಗ್ಲಿಷ್ ಪುಸ್ತಕ ತಂದಿದ್ದ. ಅದೊಂದು ಆಟದ ನಿಯಮಗಳ ಪುಸ್ತಕ. ಒಬ್ಬರು ಕಥೆ ಹೇಳಬೇಕು. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ಹೊಕ್ಕು, ತಾವೀಗ ಏನು ಮಾಡುತ್ತೇವೆಂದು ಹೇಳಬೇಕು. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಕಥೆ ಹೇಳುವವನು ಭಾಯ್. ಆಡುವವರು ನಾನು, ಗೆಳತಿ, ಮತ್ತೆ ಕಮ್ಮನಹಳ್ಳಿಯಿಂದ ಬೈಕಿನಲ್ಲಿ ಬರುತ್ತಿದ್ದ ಭಾಯ್‌ನ ಸ್ನೇಹಿತ.

ಪುಸ್ತಕ ಇಪ್ಪತ್ತು ಮುಖದ ದಾಳ ಕೇಳುತ್ತಿತ್ತು. ನಮ್ಮ ಊರಿನಲ್ಲಿ ಆಗ ಅದು ಎಲ್ಲಿ ಸಿಗಬೇಕು? ಆಟದ ಸಾಮಾನಿನ ಅಂಗಡಿಯವರು ಲೂಡೋ ದಾಳ ತೋರಿಸಿ, ಆರು ಮುಖ ಸಾಲದೇನಮ್ಮ ಎಂದರು. ಕೊನೆಗೆ ದಾರಿ ತೋರಿಸಿದವನು ಕಮ್ಮನಹಳ್ಳಿಯವನು. ದಂಡು ಪ್ರದೇಶದಲ್ಲಿ ಹೌಸಿ, ಅಂದರೆ ಅಂಕಿ ಕೂಗಿ ಆಡುವ ತಂಬೋಲ, ಆಡದೆ ಕ್ರಿಸ್‌ಮಸ್ಸೂ ಮುಗಿಯುವುದಿಲ್ಲ, ಚರ್ಚಿನ ಹಬ್ಬವೂ ಮುಗಿಯುವುದಿಲ್ಲ. ಅವರ ಮನೆಯ ಹಳೆ ಹೌಸಿ ಸೆಟ್ಟಿನಿಂದ ಒಂದರಿಂದ ಇಪ್ಪತ್ತರವರೆಗಿನ ಮರದ ಬಿಲ್ಲೆಗಳನ್ನು ಆರಿಸಿ ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಬಂದ. ಕೈ ಹಾಕಿ ಒಂದು ಬಿಲ್ಲೆ ತೆಗೆಯುವುದು, ನೋಡುವುದು, ಮತ್ತೆ ಚೀಲಕ್ಕೆ ಹಾಕುವುದು. ದೊಡ್ಡ ಅಂಕಿ ಬಂದರೆ ಗೆದ್ದಂತೆ, ಸಣ್ಣದು ಬಂದರೆ ಕೆಟ್ಟಂತೆ.

ಎರಡನೇ ವಾರವೇ ಜಗಳವಾಯಿತು. ಬಿಲ್ಲೆಯ ಮೇಲೆ ಕೊರೆದ ಅಂಕಿಯನ್ನು ಗೆಳತಿ ಬೆರಳಲ್ಲೇ ತಡವಿ ನೋಡಿ ಆರಿಸುತ್ತಾಳೆಂದು ಕಮ್ಮನಹಳ್ಳಿಯವನ ದೂರು. ಹಾಗಾಗಿ ಆಟವಾಡದವರೊಬ್ಬರ ಕೈಗೆ ಚೀಲ ಕೊಡುವುದೆಂದಾಯಿತು. ಗೆಳತಿಯ ತಾಯಿ, ನನಗೂ ಅಮ್ಮಿಯೇ, ದಿವಾನದ ಮೇಲೆ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಅಂದಿನಿಂದ ಚೀಲ ಅವರ ಮಡಿಲಿಗೆ ಹೋಯಿತು. ಯಾರ ಸರದಿ ಬಂದರೂ ಅವರೇ ಬಿಲ್ಲೆ ತೆಗೆದು ಕೈಗೆ ಕೊಡುತ್ತಿದ್ದರು. ಕಥೆ ಅವರಿಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಸಣ್ಣ ಅಂಕಿ ಬಂದರೆ ಯಾರೋ ಬೀಳುತ್ತಾರೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ನನ್ನ ಮೊದಲ ಪಾತ್ರ ಒಬ್ಬ ಓಟಗಾರ್ತಿ. ಆಸೆ ಯಾರಿಗಿರುವುದಿಲ್ಲ? ಅವಳು ಕಾಡಿನಲ್ಲಿ ಓಡುತ್ತಿದ್ದಳು, ಊರಿನಲ್ಲಿ ಓಡುತ್ತಿದ್ದಳು, ಕಾರಣವಿಲ್ಲದೆಯೂ ಓಡುತ್ತಿದ್ದಳು. ಆದರೆ ಓಡುವಾಗ ಏನನ್ನಿಸುತ್ತದೆ, ಎಲ್ಲಿ ಉಸಿರು ಕಟ್ಟುತ್ತದೆ ಎಂದು ಭಾಯ್ ಕೇಳಿದರೆ ನನ್ನಲ್ಲಿ ಉತ್ತರವೇ ಇರಲಿಲ್ಲ. ನಾನು ಓಡಿದವಳಲ್ಲ. ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ತಿರುಗುವಂತಿತ್ತು. ಮೂರ್ನಾಲ್ಕು ವಾರದಲ್ಲಿ ಅವಳು ನನಗೇ ಬೇಜಾರಾದಳು.

ಅವಳನ್ನು ಒಂದು ಊರಿನಲ್ಲಿ ಮದುವೆ ಮಾಡಿಸಿ ಬಿಟ್ಟು, ಹೊಸಬಳನ್ನು ಕರೆತಂದೆ. ಇವಳು ಬೀಗ ಒಡೆಯುವವಳು. ಎಂಥ ಬೀಗವಾದರೂ ಸರಿ. ಎಡಗಾಲಿಗೆ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ನಡೆದರೆ ಟಕ್ ಟಕ್ ಸದ್ದು. ಕಮ್ಮನಹಳ್ಳಿಯವನು ಪುಸ್ತಕ ತಿರುವಿ ಹಾಕಿ, ಇಂಥವರಿಗೆ ಇದರಲ್ಲಿ ನಿಯಮವೇ ಇಲ್ಲ, ಇವಳಿಗೆ ಕೋಟೆ ಹತ್ತಲು ಆಗುತ್ತದಾ ಎಂದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ಈ ಮಾತನ್ನು ನಾನು ಶಾಲೆಯ ಪ್ರವಾಸದಿಂದ ಹಿಡಿದು ಮದುವೆ ಮನೆಯ ಮೆಟ್ಟಿಲವರೆಗೆ ಕೇಳಿದ್ದೆ.

ಭಾಯ್ ಅವನ ಕೈಯಿಂದ ಪುಸ್ತಕ ತೆಗೆದು ಮುಚ್ಚಿಟ್ಟ. ನನ್ನ ಕಡೆ ತಿರುಗಿ, "ಆಗುತ್ತಾ ಇಲ್ವಾ ಅನ್ನೋದು ಬಿಡು. ಹೇಗೆ ಹತ್ತುತಾಳೆ? ಅದನ್ನ ಹೇಳು," ಎಂದ.

ಹೇಳಿದೆ. ಮೊದಲು ಒಳ್ಳೆಯ ಕಾಲು ಮೇಲಿಡಬೇಕು, ಅಡ್ಡಡ್ಡವಾಗಿ ತಿರುಗಬೇಕು, ಭಾರವನ್ನೆಲ್ಲ ಕೈಗೆ ಕೊಡಬೇಕು, ಇಳಿಯುವಾಗ ಇದೆಲ್ಲ ತಿರುಗಮುರುಗ. ಅವರ ಮನೆಯ ಮೆಟ್ಟಿಲನ್ನು ನಾನು ಹತ್ತುತ್ತಿದ್ದುದೇ ಹಾಗೆ. ಎಷ್ಟು ಹೊತ್ತು ಮಾತಾಡಿದೆನೋ, ಮೂವರೂ ಕೂತು ಕೇಳಿದರು. ಬದುಕಿಡೀ ಕಲಿತ ಒಂದು ವಿದ್ಯೆಯನ್ನು ಯಾರೋ ಕೊನೆಗೂ ಕೇಳಿದಂತಾಗಿ ಮೈ ಹಗುರವಾಯಿತು. ಅದಾದ ಮೇಲೆ ಪುಸ್ತಕದ ಪಾತ್ರಗಳ ಕಾಟ ತಪ್ಪಿತು. ಗೆಳತಿಯ ಬಿಳಿ ರಾಜಕುಮಾರಿ ಹೋಗಿ, ಬುರ್ಖಾ ತೊಟ್ಟು ಮೂರು ಭಾಷೆಯಲ್ಲಿ ಸುಳ್ಳು ಹೇಳಬಲ್ಲ ವ್ಯಾಪಾರಗಾರ್ತಿ ಬಂದಳು. ಕಮ್ಮನಹಳ್ಳಿಯವನ ನೀಲಿ ಕಣ್ಣಿನ ವೀರ ಹೋಗಿ, ಅವನಷ್ಟೇ ಕಪ್ಪಗಿನ, ಕಿವಿ ಕೇಳದ ತಮಟೆಯವನು ಬಂದ. ನಮ್ಮ ಗೆಳೆಯನ ಚಿಕ್ಕಪ್ಪನಿಗೂ ಕಿವಿ ಕೇಳುತ್ತಿರಲಿಲ್ಲ ಎಂಬುದು ಆಗಲೇ ನಮಗೆ ಗೊತ್ತಾದದ್ದು.

ನನ್ನ ಬೀಗದವಳು ಮಾತ್ರ ಸೋಲಲೇ ಇಲ್ಲ. ಹತ್ತಹೊರಟ ಗೋಡೆಯೆಲ್ಲ ಹತ್ತಿದಳು, ಮುಟ್ಟಿದ ಬೀಗವೆಲ್ಲ ತೆರೆದಳು. ಉಳಿದಿಬ್ಬರು ವಾರಕ್ಕೊಮ್ಮೆ ಕೆಸರಿಗೆ ಬೀಳುತ್ತಿದ್ದರು, ಕೋಳಿ ಕದ್ದು ಸಿಕ್ಕಿಬೀಳುತ್ತಿದ್ದರು. ನಿನ್ನ ಲಕ್ಕೇ ಲಕ್ಕು ಮಗಾ ಎಂದು ಕಮ್ಮನಹಳ್ಳಿಯವನು ಹೊಟ್ಟೆ ಉರಿದುಕೊಂಡ. ಮೊದಮೊದಲು ನಾನೂ ಬೀಗಿದೆ. ಆಮೇಲೆ ಅನುಮಾನ ಹತ್ತಿತು. ಬದುಕಿನಲ್ಲಿ ಇಂಥ ಲಕ್ಕು ನನಗೆ ಗೊತ್ತಿತ್ತು. ಶಾಲೆಯ ಆಟದ ದಿನ ಎಲ್ಲರೂ ಓಡಿ ಮುಗಿದ ಮೇಲೆ ಕರೆದು ಕೊಡುವ ಸಮಾಧಾನದ ಬಹುಮಾನ ಅದು. ಭಾಯ್ ಏನೋ ಕೈವಾಡ ಮಾಡುತ್ತಿದ್ದಾನೆ, ಹೇಗೆ ಹತ್ತುತಾಳೆ ಎಂದು ಕೇಳಿದವನೇ ನನ್ನನ್ನು ಎತ್ತಿ ಮೇಲೆ ಕೂರಿಸುತ್ತಿದ್ದಾನೆ ಎನ್ನಿಸಿ ತುಂಬ ನೋವಾಯಿತು. ಮರುಕ ಇಲ್ಲದ ಜಾಗವೆಂದು ನಾನು ನಂಬಿದ್ದು ಆ ಮನೆಯೊಂದನ್ನೇ. ಕೇಳಿಯೇಬಿಡುತ್ತೇನೆ, ಹೌದೆಂದರೆ ಇನ್ನು ಬರುವುದಿಲ್ಲ ಎಂದು ನಿಶ್ಚಯಿಸಿಕೊಂಡು ಒಂದು ಭಾನುವಾರ ಆ ಮೆಟ್ಟಿಲು ಹತ್ತಿದೆ.

ಅಂದು ನಾವು ಒಂದು ಕೋಟೆಯ ಹೊರಗಿದ್ದೆವು. ನನ್ನವಳು ಗೋಡೆ ಹತ್ತಿ ಒಳಗಿಳಿದು ಬಾಗಿಲು ತೆರೆಯಬೇಕಿತ್ತು. ನನ್ನ ಸರದಿ ಬಂತು, ಅಮ್ಮಿ ಚೀಲಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅಮ್ಮಿ ಗಡಬಡಿಸಿ ಎದ್ದರು. ಬೆಳ್ಳುಳ್ಳಿ ಸಿಪ್ಪೆಯ ಜೊತೆ ಸೆರಗಿನಿಂದ ಮರದ ಬಿಲ್ಲೆಗಳು ನೆಲಕ್ಕೆ ಉದುರಿದವು. ಒಂದು ಉರುಳಿಕೊಂಡು ನನ್ನ ಕ್ಯಾಲಿಪರಿಗೆ ಬಡಿದು ನಿಂತಿತು. ಗೆಳತಿ ಒಂದೊಂದೇ ಆರಿಸಿದಳು. ಎಲ್ಲ ಸಣ್ಣ ಅಂಕಿಗಳೇ.

ಭಾಯ್‌ನ ಮುಖ ಸುಟ್ಟ ಬದನೆಕಾಯಿಯಾಯಿತು. ಅವನಿಗೆ ಏನೂ ಗೊತ್ತಿರಲಿಲ್ಲವೆಂಬುದು ಆ ಮುಖ ನೋಡಿದೊಡನೆ ತಿಳಿಯಿತು. ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಅವನು ದಖ್ಖನಿ ಉರ್ದುವಿನಲ್ಲಿ ತಾಯಿಯ ಮೇಲೆ ರೇಗತೊಡಗಿದ. ನನ್ನ ಸರದಿ ಬಂದಾಗಲೆಲ್ಲ ಅಮ್ಮಿ ಸಣ್ಣ ಅಂಕಿಗಳನ್ನು ಸೆರಗಿನೊಳಗೆ ಅಡಗಿಸಿಟ್ಟು, ಆಮೇಲೆ ಮೆಲ್ಲಗೆ ಚೀಲಕ್ಕೆ ಸೇರಿಸುತ್ತಿದ್ದರು. ಅವರು ಒಲೆ ಆರಿಸಿ ಬಂದು ನನ್ನ ಪಕ್ಕ ಕುಳಿತರು.

"ವಾರ ವಾರ ನೀನು ಮೆಟ್ಲು ಹತ್ತೋದು ನೋಡ್ತೀನಿ ಬೇಟಾ," ಎಂದರು. "ಆಟದಲ್ಲೂ ಬೀಳ್ಬೇಕಾ?"

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ. ನನ್ನ ಅವ್ವನೂ ಹೀಗೆಯೇ. ನಾವು ಕಲಬುರಗಿ ಬಿಟ್ಟು ಬೆಂಗಳೂರಿಗೆ ಬಂದಾಗಿನಿಂದ ನನ್ನ ಹಿಂದೆ ಹಿಂದೆ ಒಂದು ಕೈ ಚಾಚಿಕೊಂಡೇ ನಡೆದವಳು. ಆದರೆ ಇಲ್ಲಿ ಆ ಕೈ ಬೇಡವಾಗಿತ್ತು.

"ಬೀಳ್ಲಿ ಬಿಡಿ ಅಮ್ಮಿ," ಎಂದೆ. "ಎಲ್ರೂ ಬೀಳೋ ಆಟದಲ್ಲಿ ನಾನೊಬ್ಳೇ ನಿಂತಿದ್ರೆ ಒಂಟಿ ಆಗ್ಬಿಡ್ತೀನಿ."

ಅಮ್ಮಿ ಬಿಲ್ಲೆಗಳನ್ನೆಲ್ಲ ಚೀಲಕ್ಕೆ ಸುರಿದು, ಚೆನ್ನಾಗಿ ಕುಲುಕಿ, ಬಾಯಿ ಅಗಲಿಸಿ ನನ್ನ ಮುಂದೆ ಹಿಡಿದರು. ನೀನೇ ತೆಗಿ ಎಂದರು. ತೆಗೆದೆ. ಮೂರು ಬಂತು.

ನನ್ನವಳು ಗೋಡೆಯಿಂದ ಜಾರಿ ಕಂದಕಕ್ಕೆ ಬಿದ್ದಳು. ಕಾಲಿನ ಕಬ್ಬಿಣ ಕಲ್ಲಿಗೆ ಬಡಿದ ಸದ್ದಿಗೆ ಕಾವಲುಗಾರರೆಲ್ಲ ಎದ್ದರು, ನಮ್ಮ ಮೂವರನ್ನೂ ಹಿಡಿದು ಕತ್ತಲೆ ಕೋಣೆಗೆ ಹಾಕಿದರು. ಕಮ್ಮನಹಳ್ಳಿಯವನು ತಲೆ ಚಚ್ಚಿಕೊಂಡ. "ಎಲ್ಲಾ ನಿನ್ನಿಂದ. ಇಷ್ಟು ವಾರದ ಕೆಲ್ಸ ನೀರಲ್ಲಿ ಹೋಮ ಆಯ್ತು," ಎಂದು ನನ್ನನ್ನು ವಾಚಾಮಗೋಚರವಾಗಿ ಬೈದ. ಅಪ್ಪ ಅವ್ವನನ್ನು ಬಿಟ್ಟರೆ ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಬೈದಿರಲಿಲ್ಲ. ಪಾಪ ಎಂದು ಎಲ್ಲರೂ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಅವನು ಬೈಯುತ್ತಲೇ ಇದ್ದ, ನಾನು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಲೇ ಇದ್ದೆ. ಉಳಿದರ್ಧ ಕಲ್ಲೂ ಇಳಿದುಹೋಗಿತ್ತು.

ಅಮ್ಮಿಗೆ ಮಾತ್ರ ಗಾಬರಿ. ಕಂದಕದ ನೀರು ಆಳವಿದೆಯಾ ಎಂದು ಮಗನನ್ನು ಕೇಳಿದರು. ಕಬ್ಬಿಣ ಕಟ್ಟಿಕೊಂಡು ನೀರಿನಲ್ಲಿ ಹೇಗೆ ಎದ್ದಳು ಎಂದು ನನ್ನನ್ನು ಕೇಳಿದರು. ಮೊದಲು ಮೇಲಿನ ಬೆಲ್ಟು ಬಿಚ್ಚಬೇಕು, ನೆನೆದ ಚರ್ಮ ಬಿಗಿಯಾಗುವುದರೊಳಗೆ ಬಿಚ್ಚಬೇಕು ಎಂದೆ. ಓಹೋ ಎಂದು ತಲೆಯಾಡಿಸಿದರು. ಅಷ್ಟು ದಿನ ನನ್ನ ಕಾಲಿನ ವಿಷಯವಾಗಿ ಅವರು ಒಂದು ಮಾತನ್ನೂ ಕೇಳಿರಲಿಲ್ಲ.

ಪ್ರತಿ ಭಾನುವಾರ ಹೊರಡುವಾಗ ಅಮ್ಮಿ ನನ್ನ ಮೊಣಕೈ ಹಿಡಿದು ಕೆಳಗಿನವರೆಗೆ ಬರುತ್ತಿದ್ದರು. ಬೇಡವೆಂದರೂ ಕೇಳುತ್ತಿರಲಿಲ್ಲ. ಅವರು ಹಿಡಿದರೆ ನನ್ನ ಲೆಕ್ಕ ತಪ್ಪಿ ಇಳಿಯುವುದು ಇನ್ನೂ ಕಷ್ಟವಾಗುತ್ತಿತ್ತು, ಆದರೆ ಹೇಳಲು ಬಾಯಿ ಬಂದಿರಲಿಲ್ಲ. ಆ ದಿನ ಅವರು ಚೀಲ ಹಿಡಿದುಕೊಂಡು ಮೇಲಿನ ಮೆಟ್ಟಿಲಲ್ಲೇ ನಿಂತರು. ನಾನು ಅಡ್ಡಡ್ಡ ತಿರುಗಿ, ಕಂಬಿಗೆ ಭಾರ ಕೊಟ್ಟು, ನನ್ನದೇ ಲೆಕ್ಕದಲ್ಲಿ ಟಕ್ ಟಕ್ ಎಂದು ಇಳಿದೆ. ರಸ್ತೆ ತಲುಪಿ ತಲೆಯೆತ್ತಿ ನೋಡಿದರೆ ಅವರು ಇನ್ನೂ ಅಲ್ಲೇ ಇದ್ದರು.

"ಜೈಲಿಂದ ಹೇಗೆ ಹೊರಗೆ ಬರ್ತೀಯ?" ಎಂದು ಮೇಲಿನಿಂದಲೇ ಕೇಳಿದರು.

ಗೊತ್ತಿಲ್ಲ ಅಮ್ಮಿ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಆಟೋ ಹಿಡಿದು ಮನೆ ತಲುಪುವವರೆಗೂ ಅದನ್ನೇ ನೆನೆದು ಖುಷಿಪಟ್ಟೆ.