ಪ್ಲಾಸ್ಟರ್ ಅಕ್ಕನ ಮೂಳೆ ಪರೀಕ್ಷೆ

ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೈಕಾಲುಗಳಿಗೆ ಪಟ್ಟಿ ಸುತ್ತುತ್ತಿದ್ದವಳು ಎಲ್ಲರ ಬಾಯಲ್ಲೂ ಪ್ಲಾಸ್ಟರ್ ಅಕ್ಕ. ಮೂಳೆ ಹೇಗೆ ಮುರಿದಿದೆಯೆಂದು ಆಕೆಯ ಬೆರಳಿಗೆ ಗೊತ್ತಾಗುತ್ತಿತ್ತು. ಅದರ ಹೆಸರು ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ಈಗ ಹೊಸ ನಿಯಮ ಬಂತು. ಮುರಿತದ ಬಗೆಗಳನ್ನು ಹೇಳುವ ಪರೀಕ್ಷೆ ಪಾಸಾದವರಿಗಷ್ಟೇ ಆ ಕೋಣೆ. ಉಳಿದವರು ದಿಂಬಿನ ಚೀಲ ಮಡಚಲು ಬಟ್ಟೆಯ ಉಗ್ರಾಣಕ್ಕೆ.

“ದಿಂಬಿನ ಚೀಲವಂತೆ! ನೋಡೇಬಿಡ್ತೀನಿ,” ಎಂದು ಅಕ್ಕ ಟೊಂಕ ಕಟ್ಟಿದಳು.

ಪುಸ್ತಕ ತೆರೆದರೆ ಆಕಳಿಕೆ. ಹಾಗಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಮುರಿದು ಕಲಿಯತೊಡಗಿದಳು. ಸೀಮೆಸುಣ್ಣವನ್ನು ಬಗ್ಗಿಸಿದರೆ ಪಟ್ಟಂತ ಅಡ್ಡ ಮುರಿತ. ಅದನ್ನೇ ತಿರುಚಿದರೆ ಸುರುಳಿ ಮುರಿತ. ಹಸಿ ಕಡ್ಡಿ ಬಾಗಿ ಒಂದೇ ಮಗ್ಗುಲು ಸೀಳಿದರೆ ಮಕ್ಕಳ ಮೂಳೆಯ ಹಸಿಕಡ್ಡಿ ಮುರಿತ. ಪಿಂಗಾಣಿ ಲೋಟ ನೆಲಕ್ಕೆ ಬಿದ್ದಾಗ ಬಗ್ಗಿ ಎಣಿಸಿದಳು. “ಏಳು ತುಂಡು. ಇದು ಚೂರು ಮುರಿತ ಕಣ್ರೀ!”

“ಕೈ ಜಾರಿತೋ, ನೀನೇ ಜಾರಿಸಿದ್ಯೋ?” ದರ್ಜಿಯಾದ ಗಂಡ ತನ್ನ ಅಳತೆಕೋಲನ್ನು ಮೆಲ್ಲಗೆ ಬೀರುವಿನ ಹಿಂದೆ ಸರಿಸಿದ.

“ಚರ್ಮ ಹರಿದು ಮೂಳೆ ಹೊರಗೆ ಬಂದ್ರೆ ಏನಂತಾರೆ? ಕೇಳ್ರೀ ನನ್ನ!”

“ಕೇಳಲ್ಲ ತಾಯಿ. ಊಟ ಮಾಡ್ತಿದೀನಿ.”

“ತೆರೆದ ಮುರಿತ!” ಎಂದು ಅಕ್ಕ ತಾನೇ ಹೇಳಿ, ತಾನೇ ತಲೆದೂಗಿದಳು.

ಪರೀಕ್ಷೆಯ ದಿನ ದೊಡ್ಡ ಡಾಕ್ಟರು ಎಕ್ಸ್‌ರೇಗಳನ್ನು ದೀಪದ ಪೆಟ್ಟಿಗೆಗೆ ಒಂದೊಂದಾಗಿ ಸಿಕ್ಕಿಸಿದರು. ಗಾಬರಿಯಲ್ಲಿ ಅಕ್ಕ ಓರೆ ಮುರಿತವನ್ನು ಅಡ್ಡ ಎಂದಳು. ಇನ್ನೊಂದರ ಹೆಸರೂ ತಪ್ಪಿತು. ಉಳಿದದ್ದು ಒಂದೇ ಚಿತ್ರ. ಅದೂ ತಪ್ಪಿದರೆ ಉಗ್ರಾಣವೇ ಗತಿ.

ಪುಟ್ಟ ಮಗುವಿನ ಕಾಲು. ಎಲ್ಲೂ ಗೆರೆಯಿಲ್ಲ.

“ಮುರಿದಿದ್ಯಾ, ಇಲ್ವಾ?” ಎಂದರು ಡಾಕ್ಟರು.

“ಇದು ಎದುರಿಂದ ತೆಗೆದದ್ದು ಸಾರ್. ಪಕ್ಕದಿಂದ ತೆಗೆದದ್ದೂ ಬೇಕು.”

“ಇರೋದನ್ನ ನೋಡಿ ಹೇಳಿ.”

“ಹೇಳಲ್ಲ.”

“ಹೇಳದಿದ್ರೆ ಮಾರ್ಕ್ಸ್ ಇಲ್ಲಮ್ಮ.”

ಅಕ್ಕ ಜಗ್ಗಲಿಲ್ಲ. “ಇಲ್ದಿದ್ರೆ ಬೇಡ ಬಿಡಿ. ಒಂದ್ಕಡೆ ನೋಡಿ ‘ಏನೂ ಆಗಿಲ್ಲ, ಹೋಗಿ’ ಅಂದ್ರೆ ಆ ಮಗು ಮುರಿದ ಕಾಲಲ್ಲಿ ಓಡಾಡ್ಬೇಕಾ?”

ಡಾಕ್ಟರು ಖಾನೆ ಎಳೆದು ಇನ್ನೊಂದು ಚಿತ್ರ ಸಿಕ್ಕಿಸಿದರು. ಮೂಳೆಯ ಮೇಲೆ ಕೂದಲೆಳೆಯಂಥ ಗೆರೆ ಬಳಸಿಕೊಂಡು ಇಳಿದಿತ್ತು.

“ಸುರುಳಿ ಮುರಿತ!”

“ಬೆಳಿಗ್ಗೆಯಿಂದ ಹನ್ನೊಂದು ಜನ ಬಂದ್ರು. ಈ ಚಿತ್ರ ಕೇಳಿದ್ದು ನೀವೊಬ್ರೇ,” ಎಂದು ಡಾಕ್ಟರು ಪಾಸಿನ ಹಾಳೆಗೆ ಸಹಿ ಹಾಕಿದರು.

ಮರುದಿನ ಎಂಟು ಗಂಟೆಗೆ ಅಕ್ಕ ಪ್ಲಾಸ್ಟರ್ ಕೋಣೆಯ ಬಕೆಟ್ಟಿಗೆ ನೀರು ತುಂಬಿಸಿ, ಬಾಗಿಲಾಚೆ ಕೂಗಿದಳು. “ಮೊದಲನೇದು ಯಾರಪ್ಪಾ? ಬಾ, ಕೈ ಕೊಡು.”