ಅಳತೆಗೆ ಸಿಗದ ನಾಲ್ಕು ವರ್ಷದ ಬಿಸಿಲು

ಸಂಶೋಧನಾಲಯದಲ್ಲಿ ಎಲ್ಲರೂ ಆಕೆಯನ್ನು ಬೆನ್ನ ಹಿಂದೆ ‘ಬಿಸಿಲಮ್ಮ’ ಎನ್ನುತ್ತಿದ್ದರು. ಆಕೆಗೆ ಅದು ತಿಳಿದಿತ್ತು, ಬೇಸರವೇನೂ ಇರಲಿಲ್ಲ. ಭಗವಂತನು ಬೇಡದವರಿಗೂ ಸುರಿಸುವ ವರಗಳಲ್ಲಿ ಬಿಸಿಲೇ ಹಿರಿದೆಂದು ನಂಬಿದ ಜೀವ ಅದು. ಬಿಸಿಲು ಬಿದ್ದ ಫಲಕ ವಿದ್ಯುತ್ತನ್ನು ಕೊಡುತ್ತದೆ, ಆದರೆ ಕಾದಷ್ಟೂ ಸೊರಗುತ್ತದೆ. ಅದರ ಬೆನ್ನಿಗೆ ತಾಮ್ರದ ಕೊಳವೆಗಳನ್ನು ಹೆಣೆದು ನೀರು ಹರಿಸಿದರೆ ಫಲಕವೂ ತಣಿಯುತ್ತದೆ, ನೀರೂ ಕಾಯುತ್ತದೆ. ಈ ಒಂದು ಮಾತಿನ ಬೆನ್ನು ಹತ್ತಿ ಆಕೆ ಇಪ್ಪತ್ತಾರು ವರ್ಷ ಸವೆಸಿದ್ದಳು.

ಮನೆಯಲ್ಲಿದ್ದ ಅಕ್ಕನದು ಬೇರೆಯೇ ರಾಗ. “ಊರಿಗೆಲ್ಲ ನೀರು ಕಾಯಿಸ್ತೀಯಂತೆ. ನಮ್ಮ ಬಚ್ಚಲ ಗೀಸರ್ ಕೆಟ್ಟು ತಿಂಗಳಾಯ್ತು ಕಣೇ, ಅದು ನಿನ್ನ ಶಾಸ್ತ್ರದಲ್ಲಿ ಬರಲ್ವಾ?”

ಹೆರಿಗೆ ಆಸ್ಪತ್ರೆಯೊಂದು ಕೊನೆಗೂ ಆಕೆಯ ಫಲಕಗಳನ್ನು ತನ್ನ ಮಾಳಿಗೆಗೆ ಹಾಕಿಸಿಕೊಳ್ಳಲು ಒಪ್ಪಿತ್ತು. ನೂರು ಪಾಲು ಬಿಸಿಲಿನಲ್ಲಿ ಅರವತ್ತೈದು ಪಾಲಾದರೂ ಶಾಖವಾಗಿಯೋ ವಿದ್ಯುತ್ತಾಗಿಯೋ ಕೈಸೇರಬೇಕೆಂಬುದೊಂದೇ ಅವರ ಷರತ್ತು. ನಾಲ್ಕು ವರ್ಷಗಳ ದಾಖಲೆ ಎಪ್ಪತ್ತು ಪಾಲನ್ನು ತೋರಿಸುತ್ತಿತ್ತು. ಶುಕ್ರವಾರ ಒಪ್ಪಂದಕ್ಕೆ ಸಹಿ. ಅಲ್ಲಿಂದ ಆರು ವಾರಕ್ಕೆ ಆಕೆಯ ನಿವೃತ್ತಿ.

ಬುಧವಾರ ಮಧ್ಯಾಹ್ನ ಆಸ್ಪತ್ರೆಯ ಎಂಜಿನಿಯರು ಸಂಶೋಧನಾಲಯದ ಮಾಳಿಗೆಯ ಮೇಲಿದ್ದ ಫಲಕಗಳನ್ನು ನೋಡಲು ಬಂದ. ಕೈಯಲ್ಲಿ ಹಿಡಿಯುವ ಪುಟ್ಟ ಮಾಪಕವೊಂದು ಅವನ ಬಳಿಯಿತ್ತು. ಅದು ಬಿಸಿಲನ್ನು ಚದರ ಮೀಟರಿಗೆ ಏಳುನೂರ ನಲವತ್ತು ವಾಟ್ ಎಂದಿತು. ಸಂಶೋಧನಾಲಯದ ಮಾಪಕ ಆರುನೂರ ಹತ್ತೆಂದಿತು. ಆತ ನಕ್ಕು, ತನ್ನದು ಅಗ್ಗದ ಮಾಲು, ಮೇಡಂ ಅವರದೇ ಸರಿಯಿರಬೇಕು ಎಂದು ಹೇಳಿ ಅದನ್ನು ಜೇಬಿಗಿಳಿಸಿ ಹೊರಟುಹೋದ.

ಬಿಸಿಲಮ್ಮನಿಗೆ ನಗು ಬರಲಿಲ್ಲ. ಸಂಶೋಧನಾಲಯದ ಮಾಪಕವು ಒಂದು ಕಬ್ಬಿಣದ ಏಣಿಯ ತುದಿಯಲ್ಲಿ, ನಿಂಬೆಯ ಹೋಳಿನಷ್ಟು ಗಾಜಿನ ಬುರುಡೆಯ ಕೆಳಗೆ ಕುಳಿತಿತ್ತು. ನಾಲ್ಕು ವರ್ಷದ ಹಿಂದೆ ಮಂಡಿ ಕೈಕೊಟ್ಟಂದಿನಿಂದ ಆಕೆ ಆ ಏಣಿ ಹತ್ತಿರಲಿಲ್ಲ. ಈಗ ಒಂದೊಂದೇ ಮೆಟ್ಟಿಲಿಗೆ ಉಸಿರು ಹಿಡಿದು ಹತ್ತಿ, ಗಾಜಿನ ಮೇಲೆ ಬೆರಳೆಳೆದಳು. ಬೆರಳ ತುದಿ ಕಪ್ಪಾಯಿತು. ಪಕ್ಕದ ಬೇಕರಿಯ ಚಿಮಣಿಯ ಮಸಿ.

ಕೆಳಗೆ ಅಟೆಂಡರ್ ಬಟ್ಟೆ ಹಿಡಿದು ನಿಂತಿದ್ದ. ದಿನವೂ ಬೆಳಿಗ್ಗೆ ಫಲಕಗಳನ್ನು ಕನ್ನಡಿಯಂತೆ ಒರೆಸಿಡುವವನು ಅವನೇ.

“ಇದನ್ನ ಒರೆಸ್ತಿರ್ಲಿಲ್ವೇನಪ್ಪ?”

“ನೀವೇ ಬೋರ್ಡ್ ಹಾಕಿದ್ರಲ್ಲ ಮೇಡಂ, ‘ಮುಟ್ಟಬೇಡಿ’ ಅಂತ. ನಾನ್ಯಾಕೆ ಮುಟ್ಲಿ?”

ಬೋರ್ಡು ಆಕೆಯ ಅಕ್ಷರದಲ್ಲೇ ಇತ್ತು. ಹಿಂದಿನ ಅಟೆಂಡರ್ ಪಾತ್ರೆಯ ಪುಡಿ ಹಾಕಿ ಉಜ್ಜಿ ಒಂದು ಗಾಜನ್ನು ಗೀರಿಬಿಟ್ಟಿದ್ದ. ಅಂದಿನಿಂದ ಆ ಕೆಲಸವನ್ನು ಆಕೆ ತಾನೇ ವಹಿಸಿಕೊಂಡಿದ್ದಳು. ಮಂಡಿನೋವು ಬಂದಾಗ ಏಣಿ ಮರೆತುಹೋಗಿತ್ತು, ಗಾಜೂ ಮರೆತುಹೋಗಿತ್ತು. ಬೋರ್ಡು ಮಾತ್ರ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು.

ಬಿಸಿಲು ಇದ್ದುದಕ್ಕಿಂತ ಕಡಿಮೆಯೆಂದು ಬರೆದುಕೊಂಡಾಗ ಫಲಕದ ಫಲ ಇದ್ದುದಕ್ಕಿಂತ ಹೆಚ್ಚೆಂದು ಕಂಡಿತ್ತು. ಇಂದಿನ ಲೆಕ್ಕಕ್ಕೆ ಎಪ್ಪತ್ತು ಐವತ್ತೆಂಟಕ್ಕೆ ಇಳಿಯಿತು. ಹಿಂದಿನ ದಿನಗಳನ್ನಾದರೂ ತಿದ್ದೋಣವೆಂದರೆ, ಯಾವ ಮಳೆ ಎಷ್ಟು ಮಸಿಯನ್ನು ತೊಳೆದಿತ್ತು, ಯಾವ ವಾರ ಎಷ್ಟು ಕೂತಿತ್ತು, ಬಲ್ಲವರಾರು? ಮುಳುಗಿದ ಸೂರ್ಯನನ್ನು ಕರೆದು ಅಂದು ಎಷ್ಟು ಕೊಟ್ಟಿದ್ದೆಯೆಂದು ಕೇಳುವ ವಿದ್ಯೆಯನ್ನು ಯಾರೂ ಕಲಿತಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಗೀಸರಿನ ಸುದ್ದಿ ಎತ್ತಲಿಲ್ಲ. ತಂಗಿಯ ತಟ್ಟೆಗೆ ಸಾರು ಬಡಿಸುತ್ತ, “ಆ ಎಂಜಿನಿಯರಿಗೆ ಗೊತ್ತಾಗ್ಲಿಲ್ಲ ಅಲ್ವಾ?” ಎಂದಳು.

“ನನಗೆ ಗೊತ್ತಾಯ್ತಲ್ಲಕ್ಕ.”

ಗುರುವಾರ ಆಕೆ ನಿರ್ದೇಶಕರ ಮುಂದೆ ಎಲ್ಲವನ್ನೂ ಹೇಳಿದಳು. ಅವರು ಒಳ್ಳೆಯವರು, ಗದರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಸ್ಪತ್ರೆಗೆ ತಾವೇ ಪತ್ರ ಬರೆಯುವುದಾಗಿಯೂ, ಒಪ್ಪಂದ ಇನ್ನು ನಿಲ್ಲದೆಂದೂ ಹೇಳಿದರು. ಹೊಸ ಅಳತೆಗೆ ಒಂದು ವರ್ಷವಾದರೂ ಬೇಕೆಂದು ಆಕೆ ಕೇಳಿಕೊಂಡಳು. ಎಲ್ಲ ಋತುಗಳ ಬಿಸಿಲನ್ನು ನೋಡದೆ ಬರೆದ ಸಂಖ್ಯೆಗೆ ಬೆಲೆಯಿಲ್ಲ.

“ವರ್ಷ ನಾನೆಲ್ಲಿಂದ ತರಲಮ್ಮ? ನಿಮಗಿರೋದು ಆರು ವಾರ. ಆಮೇಲೆ ಆ ಮಾಳಿಗೆ ಬೇರೆ ವಿಭಾಗಕ್ಕೆ ಹೋಗುತ್ತೆ.”

ಶುಕ್ರವಾರ ಸಹಿಯಾಗಬೇಕಿದ್ದ ಹೊತ್ತಿಗೆ ಆಕೆ ಮಾಳಿಗೆಯಲ್ಲಿದ್ದಳು. ಅಟೆಂಡರ್ ಫಲಕಗಳನ್ನೆಲ್ಲ ಒರೆಸಿ ಮುಗಿಸಿ, ಏಣಿಯ ಬುಡದಲ್ಲಿ ಬೋರ್ಡನ್ನೇ ನೋಡುತ್ತ ನಿಂತಿದ್ದ. ತಪ್ಪು ತನ್ನದೇ ಎಂಬಂತೆ ಅವನ ಮುಖ ಬಾಡಿತ್ತು. ಏಣಿ ಹತ್ತು ಎಂಬಂತೆ ಆಕೆ ತಲೆಯಾಡಿಸಿದಳು. ಅವನು ಹತ್ತಿ, ಒದ್ದೆ ಬಟ್ಟೆಯಿಂದ ಕೂಸಿನ ತಲೆಯೊರೆಸುವಂತೆ ಗಾಜನ್ನು ಒರೆಸಿದ.

ಮಾಪಕದ ಅಂಕಿ ಏರುತ್ತ ಹೋಗಿ ಏಳುನೂರ ಎಂಬತ್ತರಲ್ಲಿ ನಿಂತಿತು. ಆಕೆ ಪುಸ್ತಕ ತೆರೆದು, ತಾರೀಖು ಹಾಕಿ, ಅದನ್ನು ಬರೆದುಕೊಂಡಳು. ಅದರ ಕೆಳಗೆ ಒಂದು ವರ್ಷಕ್ಕಾಗುವಷ್ಟು ಸಾಲುಗಳು ಖಾಲಿ ಉಳಿದಿದ್ದವು.